ಲ್ಯಾಮಿಂಗ್ಟನ್ ರೋಡಿನಲ್ಲಿ ಗೇಮಿಂಗ್ ಪಿಸಿ: ಅಂಗಡಿ, ಬಿಡಿಭಾಗ, ಗೈಡುಗಳ ವಿಮರ್ಶೆ

ಮುಂಬಯಿಯಲ್ಲಿ ಗೇಮಿಂಗ್ ಪಿಸಿ ಕಟ್ಟುವ ಮಾತು ಬಂದಾಗ ಇವತ್ತಿಗೂ ಮೊದಲು ಕೇಳಿಬರುವ ಹೆಸರು ಲ್ಯಾಮಿಂಗ್ಟನ್ ರೋಡ್. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದರೆ ನಡೆದೇ ಹೋಗಬಹುದು. ಮ್ಯಾಪಿನಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದು ತೋರಿಸಿದರೆ ಅದೇ ರಸ್ತೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಬೆಳಿಗ್ಗೆ ಬೇಗ ಹೋಗಿಯೂ ಪ್ರಯೋಜನವಿಲ್ಲ, ವ್ಯಾಪಾರ ಬಿಸಿಯೇರುವುದು 11 ಗಂಟೆಯ ಮೇಲೆ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸಾಮಾನು ಕೊಳ್ಳಲು ಈ ರಸ್ತೆ ತುಂಬ ಒಳ್ಳೆಯದು. ಯಾವ ಸಾಮಾನು ಕೊಳ್ಳಬೇಕೆಂದು ತೀರ್ಮಾನಿಸಲು ಒಳ್ಳೆಯದಲ್ಲ. ಕೌಂಟರಿನ ಹಿಂದೆ ನಿಂತವರಿಗೆ ವಿಷಯ ಗೊತ್ತಿಲ್ಲವೆಂದಲ್ಲ, ಅವರಲ್ಲಿ ಅನೇಕರಿಗೆ ಚೆನ್ನಾಗಿಯೇ ಗೊತ್ತು. ಆದರೆ ಅವರ ಸಲಹೆ ಆ ದಿನ ಗೋದಾಮಿನಲ್ಲಿ ಏನಿದೆ, ಯಾವುದರಲ್ಲಿ ಅವರಿಗೆ ಲಾಭ ಜಾಸ್ತಿ ಎನ್ನುವುದರ ಮೇಲೆ ನಿಂತಿರುತ್ತದೆ. ಆದ್ದರಿಂದ ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬಯಿಯಿಂದ ಹೊರಡುವ ಮೊದಲೇ ಪ್ರತಿಯೊಂದು ಭಾಗದ ಪೂರ್ತಿ ಮಾಡೆಲ್ ನಂಬರು ಬರೆದ ಪಟ್ಟಿ ಕೈಯಲ್ಲಿರಬೇಕು. ಅಂಗಡಿಯಲ್ಲಿ ಮಾತಾಡಬೇಕಾದದ್ದು ರೇಟು, ಬಿಲ್ಲು, ವಾರಂಟಿ ಈ ಮೂರನ್ನು ಮಾತ್ರ.

ಆ ಪಟ್ಟಿಗೆ ಗೈಡು ಬೇಕು. ಕನ್ನಡದಲ್ಲಿ ಇಂಥದ್ದು ಕಡಿಮೆ. ಮಕ್ಕಳು ನೋಡುವ ಇಂಗ್ಲಿಷ್ ಗೈಡುಗಳನ್ನೇ ನೆಚ್ಚಿಕೊಳ್ಳಬೇಕು. ತೊಂದರೆಯೆಂದರೆ ಅವುಗಳಲ್ಲಿ ಬಹುಪಾಲು ಡಾಲರ್ ಲೆಕ್ಕದಲ್ಲಿ, ತಂಪು ದೇಶದ ಕೋಣೆಯಲ್ಲಿ ಕೂತು ಬರೆದವು. ಇಲ್ಲಿಗೆ ತಂದಾಗ ಬದಲಾಗುವುದು ಏನೆಂದು ತಿಳಿದುಕೊಂಡರೆ ಅವೇ ಗೈಡುಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಪಿಸಿಪಾರ್ಟ್‌ಪಿಕರ್ ಎಂಬ ತಾಣದಿಂದ ಶುರು ಮಾಡಿ. ಒಂದೊಂದೇ ಭಾಗ ಸೇರಿಸುತ್ತ ಹೋದಂತೆ ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದುತ್ತದೆಯೇ, ಗ್ರಾಫಿಕ್ಸ್ ಕಾರ್ಡ್ ಕ್ಯಾಬಿನೆಟ್ಟಿನ ಉದ್ದದಲ್ಲಿ ಹಿಡಿಯುತ್ತದೆಯೇ, ಒಟ್ಟು ಎಷ್ಟು ವ್ಯಾಟ್ ಬೇಕು ಎಂದು ಅದು ಹೇಳುತ್ತದೆ. ಹೊಸ ಪ್ರೊಸೆಸರಿಗೆ ಹಳೆಯ ಬೋರ್ಡಿನ ಬಯೋಸ್ (ಮಷೀನನ್ನು ಚಾಲೂ ಮಾಡುವ ಒಳ ತಂತ್ರಾಂಶ) ಸಾಲದಿದ್ದರೆ ಎಚ್ಚರಿಕೆಯನ್ನೂ ಕೊಡುತ್ತದೆ. ಇದಕ್ಕಷ್ಟೇ ಅದನ್ನು ನಂಬಿ. ಭಾರತದ ವಿಭಾಗದಲ್ಲಿ ಬೆಲೆ ಕೊಡುವ ಅಂಗಡಿಗಳು ಕಡಿಮೆ ಇರುವುದರಿಂದ ಅಲ್ಲಿನ ರೇಟನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಬೇಕು. ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೆ ವಿದ್ಯುತ್ತು ಕೊಡುವ ಪೆಟ್ಟಿಗೆ, ಒಳ್ಳೆಯದೋ ಕೆಟ್ಟದ್ದೋ ಎಂದು ಅದು ಹೇಳುವುದಿಲ್ಲ. ಬರೀ ವ್ಯಾಟ್ ನೋಡುತ್ತದೆ.

ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರಿನ ಪರೀಕ್ಷೆಗೆ ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್, ಗೇಮರ್ಸ್ ನೆಕ್ಸಸ್ ಎಂಬ ಯೂಟ್ಯೂಬ್ ಚಾನೆಲ್ಲುಗಳೆರಡೂ ವಿಶ್ವಾಸಾರ್ಹ. ಅವರ ಪಟ್ಟಿಗಳಲ್ಲಿ ಸರಾಸರಿ ಫ್ರೇಮಿನ (ಸೆಕೆಂಡಿಗೆ ಮೂಡುವ ಚಿತ್ರಗಳ) ಪಕ್ಕದಲ್ಲೇ ಶೇ. 1ರ ಕನಿಷ್ಠ, ಅಂದರೆ ಅತಿ ನಿಧಾನವಾದ ಶೇ. 1 ಫ್ರೇಮುಗಳ ವೇಗ, ಎಂಬ ಅಂಕಿ ಇರುತ್ತದೆ. ಆಟ ಮಧ್ಯೆ ಮಧ್ಯೆ ತಡವರಿಸುತ್ತದೆಯೇ ಎಂಬುದು ಗೊತ್ತಾಗುವುದು ಆ ಅಂಕಿಯಿಂದಲೇ, ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಆದರೆ ‘ಫ್ರೇಮಿಗೆ ಎಷ್ಟು ದುಡ್ಡು’ ಎಂಬ ಅವರ ಕೋಷ್ಟಕ ನಮಗೆ ಉಪಯೋಗವಿಲ್ಲ, ಏಕೆಂದರೆ ಅಮೆರಿಕದಲ್ಲಿ ಅಗ್ಗವಾದ ಕಾರ್ಡು ಇಲ್ಲಿ ಆಮದುದಾರರ ಕೈದಾಟಿ ಬರುವಾಗ ದುಬಾರಿಯಾಗಿರಬಹುದು. ಲೆಕ್ಕ ನೀವೇ ಹಾಕಿ. ಉದಾಹರಣೆಗೆ, 30,000 ರೂಪಾಯಿಯ ಕಾರ್ಡ್ ಸರಾಸರಿ 75 ಫ್ರೇಮ್ ಕೊಟ್ಟರೆ ಫ್ರೇಮಿಗೆ 400 ರೂಪಾಯಿ ಬಿತ್ತು. 38,000ದ ಕಾರ್ಡ್ 100 ಫ್ರೇಮ್ ಕೊಟ್ಟರೆ 380 ಆಯಿತು. ಬೆಲೆ ಜಾಸ್ತಿಯಿದ್ದರೂ ಎರಡನೆಯದೇ ಲಾಭದ್ದು.

ಉಷ್ಣತೆಯ ಲೆಕ್ಕವೂ ಹೀಗೆಯೇ. ಪರೀಕ್ಷೆ ಮಾಡುವ ಕೋಣೆಗಳು ಸಾಮಾನ್ಯವಾಗಿ 21-22 ಡಿಗ್ರಿಯಲ್ಲಿರುತ್ತವೆ. ಮೇ ತಿಂಗಳಲ್ಲಿ ಎಸಿ ಇಲ್ಲದ ನಮ್ಮ ಹಾಲ್ 32-33 ಡಿಗ್ರಿ. ಆ ಹತ್ತು ಡಿಗ್ರಿ ಹೆಚ್ಚುಕಡಿಮೆ ಹಾಗೆಯೇ ಚಿಪ್ಪಿನ ಮೇಲೆ ಬಂದು ಕೂರುತ್ತದೆ. ಅಲ್ಲಿ 70 ಡಿಗ್ರಿ ತೋರಿಸಿದ ಕಾರ್ಡ್ ಇಲ್ಲಿ 80 ತೋರಿಸುತ್ತದೆ. ಅದು ದೋಷವಲ್ಲ. ಆದರೆ ಎರಡು ಫ್ಯಾನಿನ ಕಾರ್ಡು, ಮೂರು ಫ್ಯಾನಿನ ಕಾರ್ಡುಗಳ ನಡುವೆ ಸಾವಿರ-ಎರಡು ಸಾವಿರದ ವ್ಯತ್ಯಾಸವಿದ್ದರೆ ಮುಂಬಯಿಯಲ್ಲಿ ಆ ದುಡ್ಡು ಕೊಡುವುದು ಸರಿ.

ಯಾರೂ ಓದದ, ಆದರೆ ಎಲ್ಲಕ್ಕಿಂತ ನಿಖರವಾದ ಗೈಡು ಮದರ್‌ಬೋರ್ಡಿನ ಮ್ಯಾನುಯಲ್. ತಯಾರಕರ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೊಳ್ಳುವ ಮೊದಲೇ ಇಳಿಸಿಕೊಂಡು ನೋಡಿದರೆ ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗಗಳು ಎಷ್ಟಿವೆ, ಯಾವುದನ್ನು ತುಂಬಿದರೆ ಯಾವ ಸಾಟಾ (ತಂತಿಯಿಂದ ಡ್ರೈವ್ ಜೋಡಿಸುವ) ಕಿಂಡಿ ಬಂದ್ ಆಗುತ್ತದೆ, ಎರಡು ರ‍್ಯಾಮ್ ಕಡ್ಡಿಗಳನ್ನು ಯಾವ ಸ್ಲಾಟಿಗೆ ಹಾಕಬೇಕು ಎಲ್ಲವೂ ಚಿತ್ರದ ಸಮೇತ ಇರುತ್ತದೆ.

ಯಾವ ಭಾಗಕ್ಕೆ ಎಷ್ಟು

ಪಟ್ಟಿ ಮಾನಿಟರಿನಿಂದ ಶುರುವಾಗಬೇಕು. 1080ಪಿ ಪರದೆಗೂ ಹೆಚ್ಚು ಚುಕ್ಕೆಗಳಿರುವ 1440ಪಿ ಪರದೆಗೂ ಬೇಕಾಗುವ ಕಾರ್ಡ್ ಬೇರೆ. ಪರದೆ ಗೊತ್ತಾದ ಮೇಲೆ ಕಾರ್ಡ್, ಕಾರ್ಡ್ ಗೊತ್ತಾದ ಮೇಲೆ ಪ್ರೊಸೆಸರ್ ಮತ್ತು ಎಸ್‌ಎಂಪಿಎಸ್, ಉಳಿದದ್ದು ಅದರ ಹಿಂದೆ ಬರುತ್ತದೆ. ಅಂಗಡಿಯ ‘ಕಾಂಬೋ’ಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ. ಐ7 ಅಥವಾ ರೈಜನ್ 7 ಎಂಬ ಪ್ರೊಸೆಸರಿನ ದೊಡ್ಡ ಹೆಸರು ಮೇಲೆ, ಬಣ್ಣದ ದೀಪದ ನಾಲ್ಕು ಫ್ಯಾನು ಮುಂದೆ, ದುಡ್ಡು ಉಳಿಸಿದ್ದು ಕಾರ್ಡಿನಲ್ಲಿ ಮತ್ತು ಎಸ್‌ಎಂಪಿಎಸ್‌ನಲ್ಲಿ. ಬರೀ ಆಟಕ್ಕೆಂದು ಕಟ್ಟುವ ಮಷೀನಿನಲ್ಲಿ ಬಜೆಟ್ಟಿನ ಮೂರನೇ ಒಂದಕ್ಕಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ಕಾರ್ಡಿನ ವಿಷಯದಲ್ಲಿ ನಾವು ಒತ್ತಿ ಹೇಳುವುದು ಮೆಮೊರಿಯ ಬಗ್ಗೆ. 2025ರ ಏಪ್ರಿಲ್‌ನಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ, ಜೂನ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎಂದು ಎರಡು ರೂಪದಲ್ಲಿ ಮಾರಾಟವಾಗುತ್ತವೆ. ಫೋನಿನಲ್ಲಿ ‘9060 ಎಕ್ಸ್‌ಟಿ ರೇಟು ಎಷ್ಟು’ ಎಂದು ಕೇಳಿದರೆ ಸಿಗುವ ಕಡಿಮೆ ರೇಟು 8 ಜಿಬಿಯದ್ದಾಗಿರುತ್ತದೆ. ಮೂರು-ನಾಲ್ಕು ವರ್ಷ ಇಟ್ಟುಕೊಳ್ಳುವ ಕಾರ್ಡು 16 ಜಿಬಿಯದ್ದೇ ಇರಲಿ. ತನ್ನ ಮೆಮೊರಿ ತುಂಬಿದಾಗ ಕಾರ್ಡ್ ಪಿಸಿಯ ರ‍್ಯಾಮಿನಿಂದ ತರಿಸಿಕೊಳ್ಳಬೇಕಾಗುತ್ತದೆ, ಆ ದಾರಿ ನಿಧಾನ, ಅಲ್ಲಿಯೇ ಆಟ ತಡವರಿಸುವುದು. ಕಾರ್ಡಿಗೂ ಬೋರ್ಡಿಗೂ ನಡುವಿನ ಪಿಸಿಐಇ ಎಂಬ ಆ ದಾರಿಯಲ್ಲಿ 5060 ಟಿಐ ಎಂಟೇ ಲೇನುಗಳ ಕಾರ್ಡ್, 9060 ಎಕ್ಸ್‌ಟಿ ಹದಿನಾರು ಲೇನಿನದು. ಹಳೆಯ ಪಿಸಿಐಇ 3.0 ಬೋರ್ಡಿಗೆ, ಅಂದರೆ ಬಿ450ಯಂಥದ್ದಕ್ಕೆ, ಹೊಸ ಕಾರ್ಡ್ ಹಾಕುವವರಿಗೆ ಈ ವ್ಯತ್ಯಾಸ ಮುಖ್ಯ. 8 ಜಿಬಿಯ 5060 ಟಿಐ ಅಂಥ ಬೋರ್ಡಿನಲ್ಲಿ ಹೆಚ್ಚು ಬಳಲುತ್ತದೆ.

ಇಂಟೆಲ್ ಆರ್ಕ್ ಬಿ580 12 ಜಿಬಿಯೊಂದಿಗೆ ಬರುತ್ತದೆ, ಬೆಲೆಗೆ ತಕ್ಕ ಕೆಲಸವನ್ನೂ ಮಾಡುತ್ತದೆ. ಆದರೆ ರೀಸೈಜಬಲ್ ಬಾರ್ ಎಂಬ ಬಯೋಸ್ ಸೌಲಭ್ಯ ಇಲ್ಲದ ಬೋರ್ಡಿನಲ್ಲಿ, ಹಳೆಯ ಪ್ರೊಸೆಸರಿನ ಜೊತೆಯಲ್ಲಿ ಅದರ ಬಲ ಇಳಿಯುತ್ತದೆ. ಹೊಸ ಮಷೀನಿಗೆ ಸರಿ, ಹಳೆಯದಕ್ಕೆ ಬೇಡ. ಮನೆಯಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಮಾತ್ರ ಆಡುವುದಾದರೆ 1080ಪಿಗೆ ಆರ್‌ಟಿಎಕ್ಸ್ 5060ರ 8 ಜಿಬಿ ಸಾಕು.

ಪ್ರೊಸೆಸರಿಗೆ ನಮ್ಮ ಆಯ್ಕೆ ಎಎಂಡಿಯ ರೈಜನ್ 5 7600. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್ ವರ್ಗ, ಡಬ್ಬದಲ್ಲೇ ಕೂಲರ್. ಅದು ಕೂರುವ ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ, ಹಾಗಾಗಿ ಮುಂದೆ ಬೋರ್ಡ್ ಬಿಚ್ಚದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಇದರ ತಮ್ಮ 7500ಎಫ್ ಸ್ವಲ್ಪ ಅಗ್ಗ, ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟು ಸರ್ವಿಸಿಗೆ ಹೋದರೆ ಮಷೀನು ಕುರುಡಾಗುತ್ತದೆ. 7600ರಲ್ಲಿರುವ ಚಿಕ್ಕ ಗ್ರಾಫಿಕ್ಸ್ ಆಟಕ್ಕೆ ಸಾಲದು, ಮಕ್ಕಳ ಓದಿಗೆ, ಆಫೀಸ್ ಕೆಲಸಕ್ಕೆ, ದೋಷ ಎಲ್ಲಿದೆ ಎಂದು ಹುಡುಕುವುದಕ್ಕೆ ಸಾಕು. ಡಬ್ಬವಿಲ್ಲದ ‘ಟ್ರೇ’ ಪ್ರೊಸೆಸರ್ ಕೊಳ್ಳಬೇಡಿ. ಅದಕ್ಕೆ ತಯಾರಕರ ವಾರಂಟಿ ನಿಮಗೆ ನೇರವಾಗಿ ಸಿಗುವುದಿಲ್ಲ, ಅಂಗಡಿಯವರ ಮಾತೇ ಗತಿ.

ಬಜೆಟ್ ಬಿಗಿಯಿದ್ದರೆ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಬಳಸುವ ರೈಜನ್ 5 5600 ಅಥವಾ ಡಿಡಿಆರ್4 ಬೋರ್ಡಿನ ಜೊತೆ ಐ5 12400ಎಫ್ ಇನ್ನೂ ಕೆಲಸಕ್ಕೆ ಬರುತ್ತವೆ. ರೈಜನ್‌ನಲ್ಲೇ ಎಕ್ಸ್3ಡಿ ಹೆಸರಿನ 7800, 9800 ಮಾಡೆಲ್‌ಗಳು ಆಟಕ್ಕೆ ಅತ್ಯುತ್ತಮ. ಆದರೆ 240 ಹರ್ಟ್ಸ್ (ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ) ಪರದೆ ಅಥವಾ ದೊಡ್ಡ ಕಾರ್ಡ್ ಇಲ್ಲದವರಿಗೆ ಅದರ ಫಲ ಕಾಣುವುದೇ ಇಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಐ7, ಐ9ಗಳನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದು ಬೇಡವೇ ಬೇಡ. ಅತಿ ವೋಲ್ಟೇಜಿನಿಂದ ಚಿಪ್ ಸವೆಯುವ ಸಮಸ್ಯೆಗೆ ಇಂಟೆಲ್ 2024ರ ಆಗಸ್ಟ್‌ನಲ್ಲಿ ಬಯೋಸ್ ಅಪ್‌ಡೇಟಿನ ಮೂಲಕ ಬರುವ ಮೈಕ್ರೊಕೋಡ್ ಪರಿಹಾರ ಕೊಟ್ಟಿತು, ಡಬ್ಬದ ಪ್ರೊಸೆಸರ್‌ಗಳಿಗೆ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ಪನ್ನು ಆ ಪರಿಹಾರ ಸರಿಮಾಡುವುದಿಲ್ಲ, ಹಿಂದಿನ ಮಾಲೀಕರು ಬಯೋಸ್ ಅಪ್‌ಡೇಟ್ ಮಾಡಿದ್ದರೋ ಇಲ್ಲವೋ ಗೊತ್ತಾಗುವ ದಾರಿಯಿಲ್ಲ.

ರ‍್ಯಾಮಿನ ಬೆಲೆ 2025ರ ಕೊನೆಯಿಂದ ಏರಿದ್ದು ಎಲ್ಲರಿಗೂ ತಟ್ಟಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಹಾಗಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಹಳೆಯ ಗೈಡಿನ ಬಜೆಟ್ ಪಾಲು ಹೊಂದುವುದಿಲ್ಲ. ಕೊಟೇಶನ್ ಆ ದಿನಕ್ಕಷ್ಟೇ ಎಂದು ಅಂಗಡಿಯವರು ಹೇಳಿದರೆ ಅದು ನಿಜ. ಕೊಳ್ಳಬೇಕಾದದ್ದು ಡಿಡಿಆರ್5-6000 (6000 ಅದರ ವೇಗ), ಸಿಎಲ್30 (ಉತ್ತರಿಸುವ ತಡ), ಎಕ್ಸ್‌ಪೋ (ಆ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗು) ಗುರುತಿರುವ 16 ಜಿಬಿಯ ಎರಡು ಕಡ್ಡಿಗಳ ಜೋಡಿ. ಆಗದಿದ್ದರೆ 8 ಜಿಬಿಯ ಎರಡು. ‘ಈಗ ಎರಡು ಹಾಕಿ, ಆಮೇಲೆ ಇನ್ನೆರಡು’ ಎಂಬ ಯೋಜನೆ ಡಿಡಿಆರ್4 ಕಾಲದ್ದು. ಎಎಂ5ನಲ್ಲಿ ನಾಲ್ಕು ಕಡ್ಡಿ ಕೂತರೆ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 3600ಕ್ಕೆ ಇಳಿಯುತ್ತದೆ. 8 ಜಿಬಿಯ ಜೋಡಿ ತಗೊಂಡವರು ಮುಂದೆ ಅದನ್ನು ಮಾರಿ 16ರ ಜೋಡಿ ಹಾಕಬೇಕೇ ಹೊರತು ಪಕ್ಕದಲ್ಲಿ ಸೇರಿಸುವಂತಿಲ್ಲ.

ಎಸ್‌ಎಸ್‌ಡಿ 1 ಟಿಬಿ, ಪಿಸಿಐಇ 4.0, ಟಿಎಲ್‌ಸಿ ಎಂಬ ಬಗೆಯ ಚಿಪ್ಪಿನದ್ದಾಗಿರಲಿ. ಒಂದೊಂದು ಆಟವೇ 100 ಜಿಬಿ ದಾಟುವ ಕಾಲದಲ್ಲಿ 500 ಜಿಬಿ ಬೇಗ ತುಂಬುತ್ತದೆ. ಫುಟ್‌ಪಾತಿನ ಮೇಜುಗಳಲ್ಲಿ ಕೇಬಲ್ಲು, ಪಟ್ಟಿ, ಸ್ಕ್ರೂ ಕೊಳ್ಳಬಹುದು. ಎಸ್‌ಎಸ್‌ಡಿ, ಪೆನ್‌ಡ್ರೈವ್ ಅಲ್ಲಿ ಕೊಳ್ಳಬಾರದು. ಮನೆಗೆ ತಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ‘ಓಡಿದ ಗಂಟೆ’ ನೋಡಿ. ಹೊಸದಾದರೆ ಅದು ಸೊನ್ನೆಯ ಹತ್ತಿರವಿರಬೇಕು.

ಎಸ್‌ಎಂಪಿಎಸ್, ಅರ್ಥಿಂಗ್, ಯುಪಿಎಸ್

ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯುವುದು, ಎಲ್ಲಕ್ಕಿಂತ ಕಡಿಮೆ ಪ್ರಶ್ನೆ ಕೇಳುವುದು ಇಲ್ಲಿಯೇ. ಮೊದಲು ಲೆಕ್ಕ. 7600 ಪ್ರೊಸೆಸರ್ ಹೆಚ್ಚೆಂದರೆ 88 ವ್ಯಾಟ್, 9060 ಎಕ್ಸ್‌ಟಿ 16 ಜಿಬಿ 160 ವ್ಯಾಟ್, 5060 ಟಿಐ ಆದರೆ 180, ಬೋರ್ಡು-ರ‍್ಯಾಮು-ಫ್ಯಾನುಗಳಿಗೆ 50ರಿಂದ 60. ಒಟ್ಟು 330ರ ಒಳಗೆ. ಹಾಗಾದರೆ ನಾವು 650 ವ್ಯಾಟಿನ ಎಸ್‌ಎಂಪಿಎಸ್ ತೆಗೆದುಕೊಳ್ಳಿ ಎನ್ನುವುದು ಯಾಕೆ? ಕಾರ್ಡ್ ಕ್ಷಣಮಾತ್ರಕ್ಕೆ ತನ್ನ ಅಂಕಿಗಿಂತ ಹೆಚ್ಚು ಎಳೆಯುತ್ತದೆ, ಅರ್ಧ ಹೊರೆಯಲ್ಲಿ ಎಸ್‌ಎಂಪಿಎಸ್ ತಂಪಾಗಿ ಸದ್ದಿಲ್ಲದೆ ನಡೆಯುತ್ತದೆ, ಮುಂದಿನ ಕಾರ್ಡಿಗೂ ಜಾಗವಿರುತ್ತದೆ. ಅದಕ್ಕಿಂತ ದೊಡ್ಡದು ಈ ಮಷೀನಿಗೆ ಬೇಡ. 850 ವ್ಯಾಟಿನ ಕಳಪೆಗಿಂತ 550ರ ಒಳ್ಳೆಯದು ಮೇಲು.

ಒಳ್ಳೆಯದು ಎಂದು ತಿಳಿಯುವುದು ಹೇಗೆ? ‘80 ಪ್ಲಸ್ ಬ್ರಾಂಜ್’ ಎಂಬ ಗುರುತು ಬೇರೆ ಬೇರೆ ಹೊರೆಯಲ್ಲಿ ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಶಾರ್ಟ್ ಆದಾಗ, ವೋಲ್ಟೇಜ್ ಏರಿದಾಗ ಅದು ತಾನಾಗಿ ಬಂದ್ ಆಗುತ್ತದೆಯೇ ಎಂದು ಹೇಳುವುದಿಲ್ಲ. ಬ್ರ್ಯಾಂಡಿನ ಹೆಸರೂ ಸಾಲದು, ಒಂದೇ ಕಂಪನಿ ಒಳ್ಳೆಯದನ್ನೂ ಸಾಧಾರಣವನ್ನೂ ಮಾಡಿಸುತ್ತದೆ. ಮಾಡೆಲ್ ಮಟ್ಟದಲ್ಲಿ ಬಿಚ್ಚಿ ನೋಡಿ ದರ್ಜೆ ಕಟ್ಟಿದ ಪಟ್ಟಿಗಳು ಸಿಗುತ್ತವೆ, ಸೈಬೆನೆಟಿಕ್ಸ್ ಸಂಸ್ಥೆಯ ಪರೀಕ್ಷಾ ವರದಿಗಳೂ ಸಿಗುತ್ತವೆ; ನಿಮ್ಮ ಮಾಡೆಲ್ ಅಲ್ಲಿದೆಯೇ ನೋಡಿ. ಕೊಟೇಶನ್ನಿನಲ್ಲಿ ‘650 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್’ ಎಂದಷ್ಟೇ ಬರೆದುಕೊಟ್ಟರೆ ಒಪ್ಪಬೇಡಿ, ಪೂರ್ತಿ ಮಾಡೆಲ್ ಬರೆಸಿ. ಮಾಡ್ಯುಲರ್ (ಕೇಬಲ್ಲು ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್‌ನ ಕೇಬಲ್ಲುಗಳನ್ನು ಇನ್ನೊಂದು ಎಸ್‌ಎಂಪಿಎಸ್‌ಗೆ ಹಾಕಲೇಬಾರದು. ಪ್ಲಗ್ ಸರಿಯಾಗಿ ಕೂರುತ್ತದೆ, ಒಳಗಿನ ತಂತಿಯ ಕ್ರಮ ಬೇರೆ ಇರುತ್ತದೆ, ಡ್ರೈವ್ ಸುಟ್ಟುಹೋಗುತ್ತದೆ.

ಅರ್ಥಿಂಗ್ ಬಗ್ಗೆ ವಿದೇಶಿ ಗೈಡುಗಳು ಏನೂ ಹೇಳುವುದಿಲ್ಲ. ನಮ್ಮ ಹಳೆಯ ಕಟ್ಟಡಗಳಲ್ಲಿ, ಚಾಳುಗಳಲ್ಲಿ, ಮೂರು ರಂಧ್ರದ ಸಾಕೆಟ್ ಇದ್ದರೂ ಮೇಲಿನ ರಂಧ್ರಕ್ಕೆ ತಂತಿಯೇ ಇಲ್ಲದಿರುವುದು ಸಾಮಾನ್ಯ. ಎಲೆಕ್ಟ್ರಿಶಿಯನ್ ಮಲ್ಟಿಮೀಟರ್ ಹಿಡಿದರೆ ಎರಡು ನಿಮಿಷದ ಕೆಲಸ: ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230, ಫೇಸ್ ಮತ್ತು ಅರ್ಥ್ ನಡುವೆಯೂ ಸುಮಾರು 230, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ 230ರ ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಬರಿಗಾಲಿನಲ್ಲಿ ಮುಟ್ಟಿದಾಗ ಜುಮ್ಮೆನ್ನುವುದು ಅದೇ. ಕರೆಂಟು ಅಲ್ಪವಾದರೂ ಎಚ್‌ಡಿಎಂಐ ತಂತಿ ಚುಚ್ಚುವ ಗಳಿಗೆಯಲ್ಲಿ ಟಿವಿಯ ಅಥವಾ ಕಾರ್ಡಿನ ಪೋರ್ಟ್ ಹೋಗಲು ಅಷ್ಟು ಸಾಕು. ಇದನ್ನು ಪಿಸಿ ತರುವ ಮೊದಲೇ ಸರಿಮಾಡಿಸಿ.

ಯುಪಿಎಸ್ ಕೊಳ್ಳುವಾಗ ಡಬ್ಬದ ಮೇಲಿನ ವಿಎ ಅಂಕಿ ಬಿಟ್ಟು ವ್ಯಾಟ್ ಎಷ್ಟೆಂದು ನೋಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಮೇಲಿನ 330 ವ್ಯಾಟಿನ ಮಷೀನು ಎಸ್‌ಎಂಪಿಎಸ್‌ನ ನಷ್ಟ ಮತ್ತು ಮಾನಿಟರ್ ಸೇರಿ ಗೋಡೆಯಿಂದ 400ರ ಹತ್ತಿರ ಎಳೆಯುತ್ತದೆ. ಆಟದ ಮಧ್ಯೆ ಕರೆಂಟು ಹೋದರೆ 600 ವಿಎ ಯುಪಿಎಸ್ ಕೂಡ ಅದರ ಜೊತೆಗೇ ಹೋಗುತ್ತದೆ. 1000 ವಿಎ, 600 ವ್ಯಾಟಿನದ್ದು ಬೇಕು, ಅದೂ ಸೇವ್ ಮಾಡಿ ಬಂದ್ ಮಾಡುವ ಐದು ನಿಮಿಷಕ್ಕೆ. ದಕ್ಷಿಣ ಮುಂಬಯಿಯಲ್ಲಿ ಇದನ್ನು ಮುಂದೂಡಬಹುದು. ಮಹಾವಿತರಣ್ ಕರೆಂಟಿನ ಕಲ್ಯಾಣ್, ಡೊಂಬಿವಲಿಯಲ್ಲಿ ಮಳೆಗಾಲಕ್ಕೆ ಮೊದಲೇ ಇರಲಿ.

ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ ಇರಬೇಕು, ಗಾಜು ಬೇಡ. ಪಕ್ಕದ ಗಾಜಿನ ಬಾಗಿಲನ್ನು ಬಿಚ್ಚಿದಾಗ ನೆಲದ ಟೈಲಿನ ಮೇಲೆ ಒರಗಿಸಿ ನಿಲ್ಲಿಸಬೇಡಿ. ಟೈಲಿನ ಗಡಸಿಗೆ ಮೂಲೆ ತಾಗಿದರೆ ಟೆಂಪರ್ಡ್ ಗಾಜು ಇಡೀ ಪುಡಿಯಾಗುತ್ತದೆ. ಹಾಸಿಗೆಯ ಮೇಲೆ ಮಲಗಿಸಿಡಿ.

ಕೌಂಟರಿನಲ್ಲಿ

ಒಂದೇ ದಿನ ಮೂರು ಅಂಗಡಿಗಳಲ್ಲಿ ಲಿಖಿತ ಕೊಟೇಶನ್ ತೆಗೆದುಕೊಳ್ಳಿ. ಹೇಳಿದ ರೇಟಿನಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ, ಕಾರ್ಡ್ ಉಜ್ಜಿದರೆ ಹೆಚ್ಚುವರಿ ಹಾಕುತ್ತಾರೆಯೇ ಎಂದೂ ಕೇಳಿ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಆಗ ಉಳಿಯುವ ದುಡ್ಡು ಒಂದೇ ಒಂದು ವಾರಂಟಿ ಕೆಲಸದಲ್ಲಿ ಕರಗುತ್ತದೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ಆಮದುದಾರರ ಸ್ಟಿಕ್ಕರಿನ ಫೋಟೋ ಇಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಾಗ ಅನೇಕ ಬ್ರ್ಯಾಂಡುಗಳಲ್ಲಿ ಹೋಗಬೇಕಾದದ್ದು ಆ ವಿತರಕರ ಸರ್ವಿಸ್ ಸೆಂಟರಿಗೆ. ಸ್ಟಿಕ್ಕರ್ ಇಲ್ಲದ ಕಾರ್ಡ್ ಹೊರದೇಶದಿಂದ ಕೈಯಲ್ಲಿ ಬಂದದ್ದಾಗಿರಬಹುದು, ಇಲ್ಲಿ ಅದರ ವಾರಂಟಿ ನಡೆಯದಿರಬಹುದು.

ಈ ರಸ್ತೆಗೆ ಬರುವುದರ ನಿಜವಾದ ಲಾಭ ಆನ್‌ಲೈನಿನಲ್ಲಿ ಸಿಗದ ಒಂದು ಸೌಲಭ್ಯ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಂದೇ ಅಂಗಡಿಯಲ್ಲಿ ಕೊಂಡು, ಅಲ್ಲಿಯೇ ಮೇಜಿನ ಮೇಲೆ ಜೋಡಿಸಿ ಬಯೋಸ್ ಪರದೆ ಬರುವವರೆಗೆ ಚಾಲೂ ಮಾಡಿ ತೋರಿಸಿ ಎಂದು ಕೇಳಿ. ರೇಟು ಪಕ್ಕಾ ಮಾಡುವಾಗಲೇ ಈ ಶರತ್ತು ಹಾಕಿದರೆ ಒಪ್ಪುತ್ತಾರೆ. ಡಬ್ಬ ಒಡೆದಾಗ ಎಎಂ5 ಸಾಕೆಟ್ಟಿನ ಮುಚ್ಚಳ ತೆಗೆದು ಒಳಗಿನ ಪಿನ್ನುಗಳ ಫೋಟೋ ತೆಗೆಯಿರಿ. ಈ ಸಾಕೆಟ್ಟಿನಲ್ಲಿ 1718 ಪಿನ್ನುಗಳಿವೆ, ಅವು ಇರುವುದು ಬೋರ್ಡಿನಲ್ಲಿ. ಒಂದು ಬಾಗಿದರೂ ವಾರಂಟಿ ನಿರಾಕರಿಸುತ್ತಾರೆ. ಬಯೋಸ್ ಆವೃತ್ತಿ ಹಳೆಯದಿದ್ದರೆ ಅಲ್ಲಿಯೇ ಅಪ್‌ಡೇಟ್ ಮಾಡಿಸಿ. ಅಂಗಡಿಯವರು ವಿಂಡೋಸ್ ಹಾಕಿಕೊಡುತ್ತೇವೆ ಎಂದರೆ ಬೇಡವೆನ್ನಿ. ಲೈಸೆನ್ಸ್ ಇಲ್ಲದ ಪ್ರತಿಯನ್ನು ಚಾಲೂ ಮಾಡುವ ಸಾಧನಗಳು ಆಂಟಿವೈರಸ್ಸನ್ನೇ ಬಂದ್ ಮಾಡಿರುತ್ತವೆ, ಅಂಥ ಮಷೀನಿನಲ್ಲಿ ಬ್ಯಾಂಕ್ ಕೆಲಸ ಮಾಡುವುದು ಅಪಾಯ.

ವಾಪಸ್ಸು ಬರುವಾಗ ಕ್ಯಾಬಿನೆಟ್ಟಿನ ಡಬ್ಬ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಹಿಡಿಯುತ್ತದೆ, ಸಂಜೆ 5 ದಾಟುವ ಮೊದಲು ಹತ್ತಿದರೆ. ಮಾನಿಟರ್ ಮಾತ್ರ ಮನೆಗೇ ತರಿಸಿಕೊಳ್ಳಿ.

ಜೋಡಣೆಯಲ್ಲಿ ತಪ್ಪುವ ಜಾಗಗಳು

ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮೊದಲೇ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಹಾಕಿಬಿಡಿ. 7600ರ ಜೊತೆ ಬರುವ ಕೂಲರಿಗೆ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು, ಹಿಂದಿನ ತಗಡು ಇರಬೇಕು. ಎಎಂ5ನಲ್ಲಿ ಆ ತಗಡು ಸಾಕೆಟ್ಟಿಗೇ ಅಂಟಿರುತ್ತದೆ. ಹಳೆಯ ಎಎಂ4ನಲ್ಲಿ ಪಟ್ಟಿ ಬಿಚ್ಚಿದ ಕೂಡಲೇ ಬಿದ್ದುಹೋಗುತ್ತದೆ, ಕೈಯಲ್ಲಿ ಹಿಡಿದಿರಬೇಕು. ನಾಲ್ಕು ಸ್ಕ್ರೂಗಳನ್ನು ಎದುರು-ಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಶಾಖ ದಾಟಿಸುವ ಪೇಸ್ಟು ಕೂಲರಿನ ಅಡಿಯಲ್ಲಿ ಮೊದಲೇ ಹಚ್ಚಿರುತ್ತದೆ, ಬೆರಳು ತಾಗಿಸಬೇಡಿ, ಮತ್ತೊಂದು ಪದರ ಹಚ್ಚಬೇಡಿ. ಎಸ್‌ಎಸ್‌ಡಿಯ ಮೇಲೆ ಬರುವ ಲೋಹದ ಪಟ್ಟಿಯ ಒಳಗಡೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಸುಲಿಯದೆ ಕೂರಿಸಿದರೆ ಶಾಖ ದಾಟುವುದಿಲ್ಲ. ಎರಡು ರ‍್ಯಾಮ್ ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹೋಗಬೇಕು.

ಕ್ಯಾಬಿನೆಟ್ಟಿನಲ್ಲಿ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳು ಬೋರ್ಡಿನ ತೂತುಗಳಿಗೆ ಸರಿಯಾಗಿ ಮಾತ್ರ ಇರಬೇಕು. ತಪ್ಪು ಜಾಗದಲ್ಲಿ ಒಂದು ಉಳಿದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಮೇಲಿನ ಎಡ ಮೂಲೆಯ ಎಂಟು ಪಿನ್ನಿನ ಪ್ರೊಸೆಸರ್ ತಂತಿ ಆಮೇಲೆ ಕೈಗೆ ಸಿಗುವುದಿಲ್ಲ, ಅದನ್ನು ಮೊದಲು ಹಾಕಿ. ಅದು ಎರಡು ನಾಲ್ಕಾಗಿ ಒಡೆಯುತ್ತದೆ, ಗ್ರಾಫಿಕ್ಸ್ ಕಾರ್ಡಿನ ತಂತಿ ಆರು ಮತ್ತು ಎರಡಾಗಿ ಒಡೆಯುತ್ತದೆ. ಎರಡೂ ಎಂಟು ಪಿನ್ನಿನವೇ ಆದರೂ ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತುರುಕಬಾರದು. ಹದಿನಾರು ಪಿನ್ನಿನ ಹೊಸ ಬಗೆಯ ಪ್ಲಗ್ ಇರುವ ಕಾರ್ಡಾದರೆ ಪೂರ್ತಿ ಒಳಗೆ ಹೋಗುವವರೆಗೆ ಒತ್ತಿ, ಸಂದು ಕಾಣಬಾರದು. ಪ್ಲಗ್ಗಿನ ಬುಡದಲ್ಲೇ ತಂತಿಯನ್ನು ಬಗ್ಗಿಸಬೇಡಿ. ಅರೆಬರೆ ಕೂತ ಪ್ಲಗ್ಗೇ ಬಿಸಿಯಾಗಿ ಕರಗುವುದು.

ಮೊದಲ ಸಲ ಚಾಲೂ ಮಾಡಿದಾಗ ಎಎಂ5 ಮಷೀನು ಕೆಲವು ನಿಮಿಷ ಕಪ್ಪು ಪರದೆಯನ್ನೇ ತೋರಿಸುತ್ತದೆ. ರ‍್ಯಾಮಿನ ಹೊಂದಾಣಿಕೆ ನಡೆಯುತ್ತಿರುತ್ತದೆ. ಹೆದರಿ ಬಟನ್ ಒತ್ತಿ ಬಂದ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೂ ಚಿತ್ರ ಬರದಿದ್ದರೆ ಮೊದಲು ನೋಡಬೇಕಾದದ್ದು ಮಾನಿಟರಿನ ತಂತಿ: ಅದು ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿರಬೇಕು. ಅದು ಸರಿಯಿದ್ದರೆ ಬೋರ್ಡಿನ ಅಂಚಿನ ನಾಲ್ಕು ಸಣ್ಣ ದೀಪಗಳನ್ನು ನೋಡಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕರಲ್ಲಿ ಯಾವುದು ಉರಿಯುತ್ತಲೇ ಇದೆಯೋ ದೋಷ ಅಲ್ಲಿದೆ. ರ‍್ಯಾಮಿನ ದೀಪವಾದರೆ ಒಂದೇ ಕಡ್ಡಿ ಇಟ್ಟು ನೋಡಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಬೆಂಬಲವಿಲ್ಲ, ಹಾಗಾಗಿ ವಿಂಡೋಸ್ 11 ಹಾಕುವುದೇ. ಅದರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಸೌಲಭ್ಯಗಳೆರಡೂ ಬಯೋಸಿನಲ್ಲಿ ಆನ್ ಇರಬೇಕು. ಅಲ್ಲಿರುವಾಗಲೇ ಎಕ್ಸ್‌ಪೋ ಆನ್ ಮಾಡಿ. ಮಾಡದಿದ್ದರೆ 6000ದ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ನಡೆಯುತ್ತಿರುತ್ತದೆ, ಟಾಸ್ಕ್ ಮ್ಯಾನೇಜರಿನಲ್ಲಿ ಇದನ್ನು ನೋಡಬಹುದು. ಹಾಗೆಯೇ 180 ಹರ್ಟ್ಸ್ ಮಾನಿಟರಿಗೆ ದುಡ್ಡು ಕೊಟ್ಟು 60ರಲ್ಲೇ ವರ್ಷಗಟ್ಟಲೆ ಆಡುವವರಿದ್ದಾರೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಕೈಯಾರೆ ಬದಲಿಸಬೇಕು.

ಸಮುದ್ರದ ಉಪ್ಪುಗಾಳಿಗೆ ಕಿಟಕಿಯ ಪಕ್ಕದ ಮಷೀನಿನ ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ಮಳೆಗಾಲದ ನಾಲ್ಕು ತಿಂಗಳು ವಾರಕ್ಕೆ ಎರಡು-ಮೂರು ಸಲವಾದರೂ ಒಂದು ಗಂಟೆ ಓಡಿಸಿ, ಒಳಗಿನ ಶಾಖವೇ ತೇವವನ್ನು ಹೊರಗಿಡುತ್ತದೆ. ಮೇ ರಜೆಗೆ ಊರಿಗೆ ಹೋಗುವಾಗ ಪ್ಲಗ್ ತೆಗೆದು ಹತ್ತಿಬಟ್ಟೆ ಮುಚ್ಚಿ, ಪ್ಲಾಸ್ಟಿಕ್ ಬೇಡ. ಪಿಸಿಯನ್ನೇ ಊರಿಗೆ ಸಾಗಿಸುವುದಾದರೆ ಗ್ರಾಫಿಕ್ಸ್ ಕಾರ್ಡನ್ನೂ ಎತ್ತರದ ಟವರ್ ಕೂಲರ್ ಇದ್ದರೆ ಅದನ್ನೂ ಬಿಚ್ಚಿ ಅವುಗಳ ಡಬ್ಬದಲ್ಲೇ ಬೇರೆ ಒಯ್ಯಿರಿ. ಮಂಗಳೂರು, ಹುಬ್ಬಳ್ಳಿ ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಕುಲುಕಿದರೆ ಕಾರ್ಡಿನ ಭಾರಕ್ಕೆ ಬೋರ್ಡಿನ ಸ್ಲಾಟು ಕಿತ್ತುಬರುತ್ತದೆ, ಆ ಹಾನಿಗೆ ವಾರಂಟಿ ಇಲ್ಲ.